ಜನರ ದುಡ್ಡಲ್ಲಿ ಮೊದಲ ಸಿನಿಮಾ ಮಾಡಬಹುದಾ?

ಪ್ರಶ್ನೆ: ನನಗೆ 27 ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ. ಎರಡು ಕಿರುಚಿತ್ರ ಮಾಡಿದ್ದೇನೆ. ನಿರ್ಮಾಪಕರು ಯಾರೂ ಕಥೆ ಕೇಳುತ್ತಿಲ್ಲ. ‘ಲೂಸಿಯಾ’ ಥರ ಜನರಿಂದಲೇ ದುಡ್ಡು ಎತ್ತಿ ಸಿನಿಮಾ ಮಾಡೋಣ ಅಂತಿದ್ದೇನೆ. ಕೆಲಸ ಬಿಡಲಾ?
– ಓದುಗ, ಹಾವೇರಿ

ಉತ್ತರ: ಕೆಲಸ ಈಗಲೇ ಬಿಡಬೇಡಿ. ಸಿನಿಮಾ ಖಂಡಿತ ಮಾಡಿ.

‘ಲೂಸಿಯಾ’ ಬಂದಿದ್ದು 2013ರಲ್ಲಿ. ಅದಕ್ಕೂ ಮುಂಚಿನದನ್ನು ಎಲ್ಲರೂ ಮರೆತುಬಿಡುತ್ತಾರೆ. ಅದರ ನಿರ್ದೇಶಕ ಪವನ್ ಕುಮಾರ್ ಅಷ್ಟೊತ್ತಿಗೆ ಯೋಗರಾಜ ಭಟ್ಟರ ಜೊತೆ ‘ಮನಸಾರೆ’, ‘ಪಂಚರಂಗಿ’ಗೆ ಬರೆದಿದ್ದರು. 2011ರಲ್ಲಿ ‘ಲೈಫು ಇಷ್ಟೇನೆ’ ನಿರ್ದೇಶಿಸಿದ್ದರು. ಇಷ್ಟಾದ ಮೇಲೂ ‘ಲೂಸಿಯಾ’ಗೆ ನಿರ್ಮಾಪಕರು ಸಿಗಲಿಲ್ಲ. ಆಗ ಬ್ಲಾಗ್‌ನಲ್ಲಿ ಬರೆದು ನೇರ ಜನರನ್ನೇ ಕೇಳಿದರು. ತಿಂಗಳೊಳಗೆ ನೂರಕ್ಕೂ ಜಾಸ್ತಿ ಜನ ಸೇರಿ 50 ಲಕ್ಷ ದಾಟಿಸಿದರು. ಜನ ದುಡ್ಡು ಹಾಕಿದ್ದು ಕಥೆಯೊಂದನ್ನೇ ನಂಬಿ ಅಲ್ಲ. ಈ ಮನುಷ್ಯ ಸಿನಿಮಾ ಮುಗಿಸುತ್ತಾನೆ ಅಂತ ಗೊತ್ತಿತ್ತು. ನಿಮ್ಮನ್ನು ಹಾಗೆ ನಂಬುವವರು ಈಗ ಎಷ್ಟು ಜನ ಇದ್ದಾರೆ? ಅವರ ಹೆಸರು ಬರೆದುಕೊಳ್ಳಿ. ನೆಂಟರನ್ನು ಬಿಟ್ಟು.

ಇನ್ನು ಖರ್ಚಿನ ಮಾತು. ನಾನು ಎಡಿಟರ್. ಸಣ್ಣ ಬಜೆಟ್ಟಿನ ಸಿನಿಮಾಗಳೇ ನನ್ನ ಹತ್ತಿರ ಜಾಸ್ತಿ ಬರುತ್ತವೆ. ಒಮ್ಮೆ ಹೊಸ ನಿರ್ದೇಶಕರೊಬ್ಬರು ಹಾರ್ಡ್ ಡಿಸ್ಕ್ ತಂದರು. ತಾಯಿ ಮಗನಿಗೆ ಊಟ ಬಡಿಸುತ್ತಾ ಜಮೀನು ಮಾರಿದ ವಿಷಯ ಹೇಳುವ ದೃಶ್ಯ. ಆ ಹೆಂಗಸು ತಟ್ಟೆಯಿಂದ ಕಣ್ಣೆತ್ತುವುದೇ ಇಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಾರೆ. ಆದರೆ ಮಾತಿನ ತುಂಬ ಪಕ್ಕದ ಮನೆಯ ಮಿಕ್ಸಿ ಸದ್ದು! ಡಬ್ಬಿಂಗ್‌ಗೆ ದುಡ್ಡು ಉಳಿದಿರಲಿಲ್ಲ, ಎಲ್ಲಾ ಶೂಟಿಂಗ್‌ಗೇ ಹೋಗಿತ್ತು. ಆ ಸಿನಿಮಾ ಇನ್ನೂ ಡಿಸ್ಕಿನಲ್ಲೇ ಇದೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಹೇಳುತ್ತಿದ್ದೇನೆ: ಎಡಿಟಿಂಗ್, ಸೌಂಡ್, ಕಲರ್, ಸೆನ್ಸಾರ್, ಪೋಸ್ಟರ್, ಇಷ್ಟಕ್ಕೂ ದುಡ್ಡು ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಎಷ್ಟು ದಿನ ಶೂಟ್ ಮಾಡಬಹುದು ಲೆಕ್ಕ ಹಾಕಿ. ಕಥೆ ಅಷ್ಟರಲ್ಲಿ ಹಿಡಿಸದಿದ್ದರೆ ಕಥೆಯನ್ನೇ ಚಿಕ್ಕದು ಮಾಡಿ.

ಸಾಧ್ಯವಾದರೆ ಒಂದಾದರೂ ಸಿನಿಮಾಕ್ಕೆ ಸಹಾಯಕರಾಗಿ ದುಡಿಯಿರಿ. ನಿರ್ದೇಶಕ ಗಿರೀಶ ಕಾಸರವಳ್ಳಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತವರು. ಅವರೂ ‘ಚೋಮನ ದುಡಿ’ಯಲ್ಲಿ ಬಿ.ವಿ. ಕಾರಂತರ ಸಹಾಯಕರಾಗಿದ್ದರು. ಅವರದೇ ನಿರ್ದೇಶನದ ‘ಘಟಶ್ರಾದ್ಧ’ ಆಮೇಲೆ ಬಂದಿದ್ದು, 1977ರಲ್ಲಿ.

ಪ್ರಶ್ನೆ: ಪ್ರಶಸ್ತಿ ಬಂದ ನಿರ್ದೇಶಕರಿಗೆ ಮುಂದಿನ ಸಿನಿಮಾ ಸುಲಭ, ಅಲ್ವಾ?
– ಓದುಗರು, ಸಾಗರ

ಉತ್ತರ: ಇಲ್ಲ. ಕಾಸರವಳ್ಳಿಯವರ ನಾಲ್ಕು ಸಿನಿಮಾಗಳಿಗೆ ಸ್ವರ್ಣ ಕಮಲ, ಅಂದರೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರ ಪ್ರಶಸ್ತಿ, ಬಂದಿದೆ. ಮೊದಲನೆಯದು ‘ಘಟಶ್ರಾದ್ಧ’, ಎರಡನೆಯದು ‘ತಬರನ ಕಥೆ’. ನಡುವೆ ಹತ್ತಿರ ಹತ್ತಿರ ಹತ್ತು ವರ್ಷ. ನಾಲ್ಕನೆಯದು ನಿಮ್ಮ ಮಲೆನಾಡಿನ ಮುಳುಗಡೆಯ ಕಥೆ ‘ದ್ವೀಪ’. ಅದಕ್ಕೆ ದುಡ್ಡು ಹಾಕಿದವರು ನಟಿ ಸೌಂದರ್ಯ. ಬೇಡಿಕೆಯ ನಾಯಕಿಯಾಗಿದ್ದ ಕಾಲದಲ್ಲೇ ಅವರು ಇಂಥ ಸಿನಿಮಾ ನಿರ್ಮಿಸಿ, ಅದರಲ್ಲಿ ತಾವೇ ನಾಗಿಯಾಗಿ ನಟಿಸಿದರು. ಆ ಮಳೆ, ಆ ನಾಗಿ, ಒಮ್ಮೆ ನೋಡಿ.