ಬೀರುವಿನಲ್ಲಿರೋ ಲೆನ್ಸ್ ಹೊರಗೆ ತೆಗೆಯಿರಿ

ಮನೆಯಲ್ಲಿ ಹಳೇ ಫಿಲ್ಮ್ ಕ್ಯಾಮೆರಾದ ಲೆನ್ಸ್ ಇದ್ದರೆ ಅದರ ಬಗ್ಗೆ ಬರೆಯಿರಿ ಎಂದು ಹೋದ ತಿಂಗಳು ಕೇಳಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅಪ್ಪನದು, ಮಾವನದು, ತೀರಿಹೋದ ಅಣ್ಣನದು. ಒಂದೊಂದು ಲೆನ್ಸಿನ ಹಿಂದೆಯೂ ಒಬ್ಬರಿದ್ದಾರೆ. ನಾನು ಬೆಳೆದದ್ದು ತೀರ್ಥಹಳ್ಳಿಯಲ್ಲಿ, ಅಪ್ಪಯ್ಯನ ಸ್ಟುಡಿಯೊದಲ್ಲಿ. ಇವತ್ತಿಗೂ ದಿನಾ ಬಳಸೋದು ಅವರ ಲೆನ್ಸುಗಳನ್ನೇ. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಅಪ್ಪನ ಪೆಂಟಾಕ್ಸ್ ಕೆ1000 ಹಾಳಾಗಿದೆ. ಅದರ 50 ಎಂಎಂ ಎಫ್ 2 ಲೆನ್ಸ್ ಚೆನ್ನಾಗಿದೆ. ನನ್ನ ಹತ್ತಿರ ಕ್ಯಾನನ್ 1500ಡಿ ಇದೆ. ಅದಕ್ಕೆ ಹಾಕಬಹುದಾ? ಅಂಗಡಿಯವರು ಆಗೋದೇ ಇಲ್ಲ ಅಂದರು.
— ಓದುಗರು, ಹಾಸನ

ಆಗುತ್ತದೆ. ಯಾಕೆ ಆಗುತ್ತದೆ ಅನ್ನೋದನ್ನು ತಿಳಿದುಕೊಂಡರೆ ಇನ್ನು ಮುಂದೆ ಯಾವ ಅಂಗಡಿಯಲ್ಲೂ ಕೇಳಬೇಕಾಗಿಲ್ಲ.

ಲೆನ್ಸ್ ಕೂರೋ ಬಳೆಯಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗೆ (ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯೋ ಭಾಗ) ಪ್ರತಿ ಕಂಪನಿಯೂ ಒಂದು ದೂರ ಗೊತ್ತು ಮಾಡಿಕೊಂಡಿರುತ್ತದೆ. ಪೆಂಟಾಕ್ಸ್‌ನಲ್ಲಿ ಅದು 45.46 ಮಿಲಿಮೀಟರ್. ನಿಮ್ಮ ಕ್ಯಾನನ್‌ನಲ್ಲಿ 44. ಅಂದರೆ ಮಧ್ಯೆ ಒಂದೂವರೆ ಮಿಲಿಮೀಟರ್‌ನಷ್ಟು ಜಾಗ ಉಳಿಯಿತು. ಅಷ್ಟೇ ದಪ್ಪದ ಒಂದು ಲೋಹದ ಬಳೆ ಹಾಕಿದರೆ ಲೆನ್ಸ್ ತನ್ನ ಸರಿಯಾದ ಜಾಗದಲ್ಲಿ ಕೂರುತ್ತದೆ. ಇದಕ್ಕೆ ಅಡಾಪ್ಟರ್ ಅನ್ನುತ್ತಾರೆ. ಪೆಂಟಾಕ್ಸ್ ಕೆ ಇಂದ ಕ್ಯಾನನ್ ಇಎಫ್‌ಗೆ ಅಂತ ಕೇಳಿ ತರಿಸಿಕೊಳ್ಳಿ.

ಇದೇ ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ (ಒಳಗೆ ಕನ್ನಡಿಯಿರೋ ಡಿಜಿಟಲ್ ಕ್ಯಾಮೆರಾ) ಹಾಕಬೇಕು ಅಂದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಅಲ್ಲಿ ದೂರ 46.5. ಬಳೆ ಹಾಕೋ ಮುಂಚೆಯೇ ಲೆನ್ಸ್ ಒಂದು ಮಿಲಿಮೀಟರ್ ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ಹತ್ತಿರದ ಹೂವು ಚೆನ್ನಾಗಿ ಬರುತ್ತದೆ, ದೂರದ ಗುಡ್ಡ ಮಸುಕು. ಒಳಗೆ ಗಾಜಿರೋ ಅಡಾಪ್ಟರ್ ಸಿಗುತ್ತವೆ. ಆದರೆ ಆ ಅಗ್ಗದ ಗಾಜು ಒಳ್ಳೇ ಲೆನ್ಸಿನ ಚಿತ್ರವನ್ನು ಕೆಡಿಸುತ್ತದೆ. ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಇದ್ದವರಿಗೆ ಈ ತಲೆನೋವೇ ಇಲ್ಲ. ಸೋನಿಯಲ್ಲಿ ದೂರ 18, ನಿಕಾನ್ ಝಡ್‌ನಲ್ಲಿ 16. ಹಳೇ ಎಸ್‌ಎಲ್‌ಆರ್ ಲೆನ್ಸುಗಳಿಗೆಲ್ಲ ಜಾಗ ಸಿಕ್ಕುತ್ತದೆ.

ಮೊದಲ ಸಲ ಹಾಕಿದಾಗ ಫೋಕಸ್ ಬಳೆಯನ್ನು ಹತ್ತಿರಕ್ಕೆ ತಿರುಗಿಸಿಟ್ಟು ಒಂದು ಫೋಟೊ ತೆಗೆಯಿರಿ. ಆಮೇಲೆ ಸ್ವಲ್ಪ ಸ್ವಲ್ಪವೇ ದೂರಕ್ಕೆ ತಿರುಗಿಸುತ್ತಾ ಹೋಗಿ. ಒಳಗಿನ ಕನ್ನಡಿಗೆ ಏನಾದರೂ ತಾಗಿದ ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ಕ್ಯಾಮೆರಾವನ್ನು ಎವಿ ಮೋಡ್‌ನಲ್ಲಿಡಿ, ಶಟರ್ ವೇಗವನ್ನು ಅದೇ ನೋಡಿಕೊಳ್ಳುತ್ತದೆ. ಎಫ್ 2ರಲ್ಲಿ, ಅಂದರೆ ಬೆಳಕು ಒಳಬಿಡೋ ತೂತು (ಅಪರ್ಚರ್) ಪೂರ್ತಿ ತೆರೆದಿರುವಾಗ, ಲೈವ್ ವ್ಯೂ ಹಾಕಿ, ಹಿಂದಿನ ಪರದೆಯಲ್ಲಿ ಚಿತ್ರವನ್ನು 10 ಪಟ್ಟು ಹಿಗ್ಗಿಸಿ ಫೋಕಸ್ ಮಾಡಿ. ಆಮೇಲೆ ಅಪರ್ಚರ್ ಬಳೆಯನ್ನು ಬೇಕಾದ ಸಂಖ್ಯೆಗೆ ತಿರುಗಿಸಿ ಕ್ಲಿಕ್ ಮಾಡಿ. ನಿಮ್ಮ ಸೆನ್ಸರ್ ಚಿಕ್ಕದು. ಹಾಗಾಗಿ 50 ಎಂಎಂ ಲೆನ್ಸ್ 80 ಎಂಎಂ ಥರ ಕಾಣುತ್ತದೆ. ಮುಖಗಳಿಗೆ ಬಹಳ ಚೆಂದ, ಮನೆಯೊಳಗಿನ ಗುಂಪು ಫೋಟೊಗೆ ಇಕ್ಕಟ್ಟು.

ಇನ್ನೊಂದು ಮಾತು. ಕೆ1000 ನಿಜಕ್ಕೂ ಹಾಳಾಗಿದೆಯಾ? ಅದಕ್ಕೆ ಆನ್ ಆಫ್ ಸ್ವಿಚ್ಚೇ ಇಲ್ಲ. ಲೆನ್ಸಿನ ಮುಚ್ಚಳ ತೆಗೆದಿಟ್ಟರೆ ಬೆಳಕು ಅಳೆಯೋ ಮೀಟರ್ ಸೆಲ್ಲನ್ನು ತಿಂದು ಮುಗಿಸುತ್ತದೆ. ಅಡಿಯ ಮುಚ್ಚಳ ಬಿಚ್ಚಿ ಎಲ್‌ಆರ್44 ಸೆಲ್ ಒಂದು ಹಾಕಿ ನೋಡಿ. ಶಟರ್ ಅಂತೂ ಪೂರಾ ಯಂತ್ರದ್ದು, ಸೆಲ್ ಇಲ್ಲದೆಯೂ ಓಡುತ್ತದೆ. ಗುಜರಿಗೆ ಮಾತ್ರ ಹಾಕಬೇಡಿ.

ಲೆನ್ಸಿನ ಒಳಗೆ ಜೇಡರ ಬಲೆ ಥರ ಏನೋ ಕಟ್ಟಿದೆ. ಅದು ಫಂಗಸ್ ಅಂತೆ. ಇನ್ನು ಎಸೆಯೋದೇನಾ?
— ಓದುಗರು, ಪುತ್ತೂರು

ಎಸೆಯಬೇಡಿ. ಮೊದಲು ಸರಿಯಾಗಿ ನೋಡಿ.

ರಾತ್ರಿ ದೀಪ ಆರಿಸಿ. ಅಪರ್ಚರನ್ನು ಪೂರ್ತಿ ತೆರೆಯಿರಿ. ಟಾರ್ಚನ್ನು ಲೆನ್ಸಿನ ಹಿಂದಿನಿಂದ ಸ್ವಲ್ಪ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಚುಕ್ಕೆ ಚುಕ್ಕೆ ಕಂಡರೆ ಅದು ಬರೀ ಧೂಳು. ಐವತ್ತು ವರ್ಷದ ಲೆನ್ಸಿನಲ್ಲಿ ಧೂಳು ಇದ್ದೇ ಇರುತ್ತದೆ, ಫೋಟೊದಲ್ಲಿ ಕಾಣೋದಿಲ್ಲ. ಅಂಚಿನಿಂದ ಮಧ್ಯಕ್ಕೆ ಬಿಳಿ ಬೇರಿನ ಹಾಗೆ ಕವಲೊಡೆದುಕೊಂಡು ಬಂದಿದ್ದರೆ ಅದು ಫಂಗಸ್. ಆಮೇಲೆ ಅಪರ್ಚರನ್ನು ಕಿರಿದು ಮಾಡಿ ಅದರ ಅಲಗುಗಳನ್ನೂ ನೋಡಿಬಿಡಿ. ತಲೆಗೆ ಎಣ್ಣೆ ಹಚ್ಚಿದ ಹಾಗೆ ಮಿನುಗಿದರೆ ಗ್ರೀಸ್ ಇಳಿದಿದೆ ಎಂದರ್ಥ. ಅದೂ ರಿಪೇರಿ ಆಗುವಂಥದ್ದೇ.

ಹೊರಗಿನ ಗಾಜಿನ ಮೇಲಿರೋ ಫಂಗಸ್ಸನ್ನು ನೀವೇ ಒರೆಸಬಹುದು. ಮೆಡಿಕಲ್ ಶಾಪಿನಲ್ಲಿ ಸಿಗೋ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್, ಲೆನ್ಸ್ ಒರೆಸೋ ಕಾಗದ, ಇಷ್ಟೇ ಸಾಕು. ದ್ರವವನ್ನು ಕಾಗದಕ್ಕೆ ಹಾಕಿ, ಗಾಜಿಗೆ ಸುರಿಯಬೇಡಿ. ಒಳಗಿನ ಗಾಜಾದರೆ ಬಿಚ್ಚಲು ಹೋಗದೆ ಕೆಲಸ ಗೊತ್ತಿರೋ ಮೆಕ್ಯಾನಿಕ್ ಕೈಗೆ ಕೊಡಿ. ತಡ ಮಾಡಬೇಡಿ. ಫಂಗಸ್ ಆಮ್ಲ ಬಿಡುತ್ತದೆ. ಅದು ಮೊದಲು ಗಾಜಿನ ಮೇಲಿನ ಲೇಪವನ್ನು, ಆಮೇಲೆ ಗಾಜನ್ನೇ ತಿನ್ನುತ್ತದೆ. ಒರೆಸಿದರೂ ಆ ಗುರುತು ಹೋಗೋದಿಲ್ಲ.

ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಅಪ್ಪಯ್ಯನ ಹತ್ತಿರ 135 ಎಂಎಂ ಎಫ್ 3.5 ಲೆನ್ಸ್ ಒಂದಿತ್ತು. ಅವರು ಹೋದ ಮೇಲೆ ಅದನ್ನು ಚರ್ಮದ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು, ಬೀರುವಿಗೆ ಬೀಗ ಹಾಕಿ, ಬೆಂಗಳೂರಿಗೆ ಕೆಲಸಕ್ಕೆ ಹೋದೆ. ಎರಡು ಮಳೆಗಾಲ ಕಳೆಯಿತು. ನಮ್ಮದು ಆಗುಂಬೆ ಪಕ್ಕದ ಊರು, ಅಲ್ಲಿನ ಮಳೆ ಹೇಗಿರುತ್ತದೆ ಅಂತ ಗೊತ್ತಲ್ಲ. ವಾಪಸ್ ಬಂದು ಪೆಟ್ಟಿಗೆ ತೆರೆದರೆ ಚರ್ಮಕ್ಕೆ ಹಸಿರು ಬೂಸ್ಟು, ಗಾಜಿಗೆ ಬಿಳಿ ಬೇರು. ಶಿವಮೊಗ್ಗದ ಒಬ್ಬ ಮೆಕ್ಯಾನಿಕ್ ಎರಡು ದಿನ ಕೂತು ಶುಚಿ ಮಾಡಿಕೊಟ್ಟರು. ಆದರೂ ಒಳಗೆ ಒಂದು ಕಡೆ ಎಳೆ ಎಳೆಯಾಗಿ ಉಳಿದಿದೆ. ಬಿಸಿಲಿಗೆ ಎದುರಾಗಿ ಹಿಡಿದರೆ ಫೋಟೊ ಪೂರಾ ಮಂಜು ಮುಸುಕಿದಂತೆ ಆಗುತ್ತದೆ.

ಜೋಪಾನ ಮಾಡಬೇಕು ಅಂತಲೇ ಇಟ್ಟಿದ್ದೆ. ಚರ್ಮ ತೇವ ಹಿಡಿಯುತ್ತದೆ ಅನ್ನೋದು ಗೊತ್ತಿರಲಿಲ್ಲ. ನೀವು ಇವತ್ತೇ ಲೆನ್ಸನ್ನು ಚರ್ಮದ ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ ಮತ್ತು ತೇವ ಅಳೆಯೋ ಒಂದು ಸಣ್ಣ ಮೀಟರ್ ಇರಲಿ. ಮೀಟರ್ 40ರಿಂದ 50 ಪರ್ಸೆಂಟ್ ತೋರಿಸಬೇಕು. 60 ದಾಟಿದರೆ ಜೆಲ್ ಬದಲಿಸಿ. ನೀಲಿ ಜೆಲ್ ಗುಲಾಬಿ ಆದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.

ಅಕ್ಕಿ ಡಬ್ಬಿಯಲ್ಲಿ ಇಡಬೇಡಿ, ಅಕ್ಕಿಯ ಹುಡಿ ಫೋಕಸ್ ಬಳೆಯೊಳಗೆ ಹೋಗುತ್ತದೆ. ಒಲೆ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲೂ ಬೇಡ, ಹೊಗೆ ಕೂರುತ್ತದೆ. ಅಪ್ಪಯ್ಯ ಸ್ಟುಡಿಯೊದ ಮರದ ಕಪಾಟಿನಲ್ಲಿ ಮಳೆಗಾಲವಿಡೀ ಒಂದು ಝೀರೋ ಬಲ್ಬ್ ಉರಿಸುತ್ತಿದ್ದರು. ಅದರ ಬಿಸಿಗೆ ತೇವ ನಿಲ್ಲುತ್ತಿರಲಿಲ್ಲ. ಈಗ ಅದನ್ನು ಮಾಡಲು ಹೋದರೆ ಎಲ್‌ಇಡಿ ಬಲ್ಬ್ ಅಷ್ಟು ಬಿಸಿ ಆಗೋದಿಲ್ಲ.

ಇದೆಲ್ಲಕ್ಕಿಂತ ಒಳ್ಳೇ ಔಷಧಿ ಅಂದರೆ ಬಳಸೋದು. ಗಾಳಿ ಬೆಳಕು ಕಂಡ ಲೆನ್ಸಿಗೆ ಫಂಗಸ್ ಸುಲಭಕ್ಕೆ ಹತ್ತೋದಿಲ್ಲ.

ಸೂಪರ್ ಟಕುಮಾರ್ 50 ಎಂಎಂ ಎಫ್ 1.4 ಲೆನ್ಸ್ ಕೊಂಡೆ. ಗಾಜು ಚಹಾದ ಬಣ್ಣಕ್ಕೆ ತಿರುಗಿದೆ. ಅದರಲ್ಲಿ ವಿಕಿರಣ ಇದೆ ಅಂತ ಗೆಳೆಯ ಹೆದರಿಸುತ್ತಿದ್ದಾನೆ.
— ಓದುಗರು, ದಾವಣಗೆರೆ

ಗೆಳೆಯ ಹೇಳಿದ್ದು ನಿಜ. ಆದರೆ ಹೆದರಬೇಕಾಗಿಲ್ಲ. ಆ ಕಾಲದಲ್ಲಿ ಗಾಜಿನ ಗುಣ ಹೆಚ್ಚಿಸಲು ಥೋರಿಯಂ ಸೇರಿಸುತ್ತಿದ್ದರು. ಅದರ ವಿಕಿರಣದಿಂದಲೇ ವರ್ಷ ಕಳೆದಂತೆ ಗಾಜು ಹಳದಿಯಾಗುತ್ತದೆ. ಕ್ಯಾಮೆರಾಕ್ಕೆ ಹಾಕಿ ಫೋಟೊ ತೆಗೆಯೋದರಿಂದ ತೊಂದರೆ ಇಲ್ಲ. ಗಾಜನ್ನು ಉಜ್ಜಬೇಡಿ, ಒಡೆಯಬೇಡಿ, ಗಂಟೆಗಟ್ಟಲೆ ಕಣ್ಣಿಗೆ ಒತ್ತಿ ಹಿಡಿಯಬೇಡಿ. ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ.

ಹಳದಿ ಹೋಗಬೇಕಾದರೆ ಬಿಸಿಲು ತೋರಿಸಿ. ಬಿಸಿಲಿನಲ್ಲಿರೋ ಅತಿನೇರಳೆ ಬೆಳಕಿಗೆ ಬಣ್ಣ ಬಿಡುತ್ತದೆ. ಕೆಲವಕ್ಕೆ ಕೆಲವು ದಿನ ಸಾಕು, ಕೆಲವಕ್ಕೆ ವಾರಗಳೇ ಬೇಕು. ಒಂದು ಎಚ್ಚರ: ಲೆನ್ಸ್ ಅಂದರೆ ಭೂತಗನ್ನಡಿ. ಹಿಂಭಾಗಕ್ಕೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಕಲ್ಲಿನ ಅಥವಾ ಸಿಮೆಂಟಿನ ಕಟ್ಟೆ ಮೇಲಿಡಿ. ಕಿಟಕಿ ಪರದೆ ಹತ್ತಿರ ಇಟ್ಟು ಹೋದರೆ ಬೆಂಕಿ ಹತ್ತಿಕೊಳ್ಳಬಹುದು. ಮಧ್ಯಾಹ್ನದ ಸುಡುಬಿಸಿಲೂ ಬೇಡ, ಗ್ರೀಸ್ ಕರಗುತ್ತದೆ. ಬೆಳಗಿನ ಬಿಸಿಲು ಸಾಕು.

ಮಗಳಿಗೆ ನಾಲ್ಕು ವರ್ಷ. ಒಂದು ಕ್ಷಣ ನಿಲ್ಲೋದಿಲ್ಲ. ಹಳೇ 28 ಎಂಎಂ ಲೆನ್ಸಿನಲ್ಲಿ ಫೋಕಸ್ ಮಾಡುವಷ್ಟರಲ್ಲಿ ಓಡಿಹೋಗಿರುತ್ತಾಳೆ. ಏನು ಮಾಡಲಿ?
— ಓದುಗರು, ವಿಜಯಪುರ

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. 28 ಎಂಎಂ ಇದ್ದರೆ ಫೋಕಸ್ ಮಾಡೋದನ್ನೇ ಬಿಟ್ಟುಬಿಡಿ.

ಲೆನ್ಸಿನ ಮೇಲೆ ನೋಡಿ. ಮಧ್ಯದಲ್ಲಿ ಒಂದು ಗೆರೆ, ಅದರ ಎರಡೂ ಕಡೆ 4, 8, 16 ಅಂತ ಜೋಡಿ ಜೋಡಿ ಗುರುತು ಇರುತ್ತವೆ. ಯಾವ ಅಪರ್ಚರಿಗೆ ಎಷ್ಟು ದೂರದಿಂದ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಬರುತ್ತದೆ ಅನ್ನೋದನ್ನು ಅವು ಹೇಳುತ್ತವೆ. ಈಗಿನ ಲೆನ್ಸುಗಳಲ್ಲಿ ಇದು ಹೆಚ್ಚಾಗಿ ಇರೋದೇ ಇಲ್ಲ. ಅಪರ್ಚರನ್ನು 8ಕ್ಕೆ ಇಡಿ. ಫೋಕಸ್ ಬಳೆಯನ್ನು 3 ಮೀಟರಿಗೆ ಇಡಿ. ನಿಮ್ಮದು ಚಿಕ್ಕ ಸೆನ್ಸರಿನ (ಎಪಿಎಸ್‌ಸಿ) ಕ್ಯಾಮೆರಾ ಆಗಿದ್ದರೆ ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಇರೋದೆಲ್ಲ ಸ್ಪಷ್ಟವಾಗಿ ಬರುತ್ತದೆ. ಅಂಗಳದಷ್ಟು ಜಾಗ ಆಯಿತಲ್ವಾ? ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನೋ ಅಂಕಿ) 800, ಶಟರ್ ಸೆಕೆಂಡಿನ 500ರಲ್ಲಿ ಒಂದು ಭಾಗ. ಹಗಲಿನ ತಿಳಿ ನೆರಳಿಗೆ ಇದು ಸರಿಹೋಗುತ್ತದೆ. ಇನ್ನು ಬಳೆ ಮುಟ್ಟಬೇಡಿ. ಮಗಳು ಓಡಲಿ, ನೀವೂ ಅವಳ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು ಕ್ಲಿಕ್ ಮಾಡುತ್ತಾ ಹೋಗಿ.

ಆ ಗುರುತುಗಳನ್ನು 35 ಎಂಎಂ ಫಿಲ್ಮಿಗೆ ಲೆಕ್ಕ ಹಾಕಿ ಕೆತ್ತಿದ್ದು. ಚಿಕ್ಕ ಸೆನ್ಸರ್ ಆದರೆ ಲೆನ್ಸನ್ನು 8ಕ್ಕೆ ಇಟ್ಟಾಗ 5.6ರ ಅಳತೆಯನ್ನು ನಂಬಿ. ಮೇಲಿನ ಅಂಕಿಗಳನ್ನು ಆ ಲೆಕ್ಕದಲ್ಲೇ ಹೇಳಿದ್ದೇನೆ. ಒಂದೆರಡು ಫೋಟೊ ಬಂದರೆ ಕಳಿಸಿ.

ಹೀಲಿಯೋಸ್ 44-2 ಲೆನ್ಸಿನಲ್ಲಿ ಹಿನ್ನೆಲೆ ಸುಳಿ ಸುತ್ತಿದ ಹಾಗೆ ಬರುತ್ತದೆ. ಕೊಳ್ಳಲೇ?
— ಓದುಗರು, ಬೆಂಗಳೂರು

ಮನೆಯಲ್ಲಿ ಬೇರೆ ಹಳೇ 50 ಎಂಎಂ ಇದ್ದರೆ ಮೊದಲು ಅದನ್ನು ಆರು ತಿಂಗಳು ಬಳಸಿ. ಇಲ್ಲದಿದ್ದರೆ ಕೊಳ್ಳಿ, ಒಳ್ಳೇ ಲೆನ್ಸೇ. ಜರ್ಮನಿಯ ಯೇನಾದ ಕಾರ್ಲ್ ಝೈಸ್ ಬಯೋಟಾರ್ 58 ಎಂಎಂ ಎಫ್ 2 ಮಾದರಿಯಲ್ಲಿ ಸೋವಿಯತ್ ಒಕ್ಕೂಟದಲ್ಲಿ ತಯಾರಿಸಿ, ಝೆನಿಟ್ ಕ್ಯಾಮೆರಾ ಜೊತೆ ಕೊಡುತ್ತಿದ್ದರು. ಅಂಚಿನಿಂದ ಬರೋ ಬೆಳಕನ್ನು ಲೆನ್ಸಿನ ಮೈ ಸ್ವಲ್ಪ ತಡೆಯುತ್ತದೆ. ಹಾಗಾಗಿ ಅಂಚಿನ ಬೆಳಕಿನ ಚುಕ್ಕೆಗಳು ದುಂಡಗೆ ಬರದೆ ಬೆಕ್ಕಿನ ಕಣ್ಣಿನ ಹಾಗೆ ಚಪ್ಪಟೆಯಾಗಿ ಸುತ್ತಿಕೊಳ್ಳುತ್ತವೆ. ಅದೇ ಸುಳಿ.

ಸುಳಿ ಬೇಕಾದರೆ ಎಫ್ 2ರಲ್ಲಿಡಿ. ಕಬ್ಬನ್ ಪಾರ್ಕಿಗೆ ಹೋಗಿ, ಎಲೆಗಳ ಸಂದಿಯಿಂದ ಬೆಳಕು ತೂರಿ ಬರೋ ಮರ ಹಿಂದೆ ಇರಲಿ. ಮನುಷ್ಯರು ಎರಡು ಮೀಟರ್ ಹತ್ತಿರದಲ್ಲಿರಲಿ, ಮರ ದೂರ ಇರಲಿ. ಚಿಕ್ಕ ಸೆನ್ಸರ್‌ನಲ್ಲಿ ಅಂಚು ಕತ್ತರಿಸಿಹೋಗೋದರಿಂದ ಸುಳಿ ಕಮ್ಮಿ. ಒಂದೇ ಮಾತು, ಪ್ರತಿ ಫೋಟೊದಲ್ಲೂ ಸುಳಿ ಬಂದರೆ ಬೇಗ ಸಾಕೆನಿಸುತ್ತದೆ. ನನಗೆ ಅದೇ ಲೆನ್ಸ್ ಎಫ್ 5.6ರಲ್ಲಿ ಜಾಸ್ತಿ ಇಷ್ಟ.

ನಿಕಾನ್ ಡಿ5600ಕ್ಕೆ ಹಳೇ ನಿಕಾನ್ ಲೆನ್ಸ್ ಹಾಕಿದರೆ ಮೀಟರೇ ಕೆಲಸ ಮಾಡೋದಿಲ್ಲ.
— ಓದುಗರು, ಗದಗ

ಅದು ದೋಷ ಅಲ್ಲ. ಆ ಕ್ಯಾಮೆರಾಗಳಲ್ಲಿ ಹಳೇ ಲೆನ್ಸಿಗೆ ಮೀಟರ್ ಓಡೋದಿಲ್ಲ. ಎಲ್ಲವನ್ನೂ ನೀವೇ ಗೊತ್ತು ಮಾಡೋ ಎಂ ಮೋಡ್‌ಗೆ ಹೋಗಿ. ಚುರುಕು ಬಿಸಿಲಿದ್ದರೆ ಎಫ್ 16, ಐಎಸ್‌ಒ 100, ಶಟರ್ ಸೆಕೆಂಡಿನ 100ರಲ್ಲಿ ಒಂದು ಭಾಗ. ಅಲ್ಲಿಂದ ಶುರು ಮಾಡಿ, ಪರದೆ ನೋಡಿ ತಿದ್ದಿಕೊಳ್ಳಿ. ಫೋಕಸ್ ಸರಿಯಾದಾಗ ಕಣ್ಣಿಟ್ಟು ನೋಡೋ ಕಿಂಡಿಯೊಳಗೆ ಹಸಿರು ಚುಕ್ಕೆ ಬೆಳಗುತ್ತದೆ. ನಿಮ್ಮ ಲೆನ್ಸ್ 1977ಕ್ಕಿಂತ ಹಿಂದಿನದಾದರೆ ಅದನ್ನು ಗೆಳೆಯರ ಡಿ7000 ಥರದ ಕ್ಯಾಮೆರಾಕ್ಕೆ ಮಾತ್ರ ಹಾಕಬೇಡಿ. ಅಲ್ಲಿನ ಸಣ್ಣ ಹಲ್ಲು ಮುರಿಯಬಹುದು.

ಅಜ್ಜನ ಕಾಲದ ಫ್ಲಾಶ್ ಹೊಸ ಕ್ಯಾಮೆರಾಕ್ಕೆ ಹಾಕಬಹುದಾ?
— ಓದುಗರು, ಚಿಕ್ಕಮಗಳೂರು

ಸುಮ್ನೆ ಹಾಕಬೇಡಿ. ಕೆಲವು ಹಳೇ ಫ್ಲಾಶುಗಳಲ್ಲಿ ಕ್ಯಾಮೆರಾಕ್ಕೆ ಕೂರೋ ಕಾಲಿನಲ್ಲಿ 200 ವೋಲ್ಟಿಗೂ ಜಾಸ್ತಿ ಇರುತ್ತದೆ. ಫ್ಲಾಶ್ ಚಾರ್ಜ್ ಆದ ಮೇಲೆ ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರಿನಲ್ಲಿ ಅಳೆಸಿ. ಹತ್ತು ವೋಲ್ಟಿನ ಒಳಗಿದ್ದರೆ ನಾನು ಹಾಕುತ್ತೇನೆ. ಜಾಸ್ತಿ ಇದ್ದರೆ ಅಜ್ಜನ ನೆನಪಿಗೆ ಇಟ್ಟುಕೊಳ್ಳಿ.

ಆಟೊಫೋಕಸ್ ಇಲ್ಲದೆ ದಿನಾ ಬಳಸೋದು ಕಷ್ಟ ಅಲ್ವಾ? ನಿಮ್ಮ ಕ್ಯಾಮೆರಾದಲ್ಲಿ ಈಗ ಯಾವ ಲೆನ್ಸ್ ಇದೆ?
— ಓದುಗರು, ಮೈಸೂರು

ಕ್ಯಾಮೆರಾದ ಒಳಗೇ ಆಟೊಫೋಕಸ್ ಮೋಟಾರ್ ಇರೋ ಮಿನೋಲ್ಟಾ 7000 ಬಂದದ್ದು 1985ರಲ್ಲಿ. ಅದಕ್ಕೂ ಮುಂಚೆ ನಮ್ಮ ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರು ಹಕ್ಕಿಗಳನ್ನೂ ಕೈಯಲ್ಲೇ ಫೋಕಸ್ ಮಾಡಿ ತೆಗೆದರು. ಕೈಗೆ ಅಭ್ಯಾಸ ಆಗಬೇಕು ಅಷ್ಟೇ. ನನಗೆ ಮೂರು ತಿಂಗಳು ಹಿಡಿಯಿತು. ಮದುವೆ ಮನೆಯ ಕೆಲಸಕ್ಕೆ ಹೋಗುವಾಗ ಆಟೊಫೋಕಸ್ ಲೆನ್ಸನ್ನೂ ಒಯ್ಯುತ್ತೇನೆ. ಬೇರೆಯವರ ಮನೆಯ ಮುಹೂರ್ತ ಮತ್ತೆ ಬರೋದಿಲ್ಲ.

ಈಗ ಹಾಕಿರೋದು ಅಪ್ಪಯ್ಯನ ಪೆಂಟಾಕ್ಸ್ 50 ಎಂಎಂ. ಅಪರ್ಚರ್ ಬಳೆಯಲ್ಲಿ 5.6ರ ಬಿಳಿ ಬಣ್ಣ ಪೂರ್ತಿ ಸವೆದಿದೆ. ಬೇರೆ ಅಂಕಿಗಳೆಲ್ಲ ನೆಟ್ಟಗಿವೆ. ಸ್ಟುಡಿಯೊದಲ್ಲಿ ಅವರ ಬೆರಳು ಸದಾ ಅಲ್ಲೇ ನಿಲ್ಲುತ್ತಿತ್ತು. ಇವತ್ತು ಬೆಳಿಗ್ಗೆ ಅಮ್ಮ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ಬಳೆಯನ್ನು ನೋಡದೆಯೇ ತಿರುಗಿಸಿದೆ, ಅದೇ ಸವೆದ ಜಾಗಕ್ಕೆ ಬಂದು ನಿಂತಿತು. ಫೋಟೊ ತೆಗೆದು ತೋರಿಸಿದರೆ ಅಮ್ಮ ಫೋಟೊ ನೋಡಲೇ ಇಲ್ಲ. ಲೆನ್ಸನ್ನು ಕೈಗೆ ತೆಗೆದುಕೊಂಡು ಸೆರಗಿನ ತುದಿಯಿಂದ ಒರೆಸಲು ಹೋದರು. ಗಾಜು ಮುಟ್ಟಬೇಡಿ ಅಂದೆ. ಬಳೆಯನ್ನಷ್ಟೇ ಒರೆಸಿ ಕೊಟ್ಟರು.