ಸಿನಿಮಾ ನೋಡಿಯಾಯ್ತು, ಇನ್ನು ‘ವಾಟರ್ ಫಾರ್ ಎಲಿಫೆಂಟ್ಸ್’ ಕಾದಂಬರಿ ಓದಬೇಕಾ?

ನೀವು ಕೇಳಿರೋದು ಇಷ್ಟು: ಸಿನಿಮಾ ನೋಡಿದ್ದೀರಿ, ಸರ್ಕಸ್ ಡೇರೆಯಲ್ಲಿ ನಡೆಯೋ ಒಂದು ಸಾಧಾರಣ ಪ್ರೇಮಕಥೆ ಅನ್ನಿಸಿದೆ, ಈಗ ಕಾದಂಬರಿ ಓದಿದರೆ ಹೊಸದೇನಾದರೂ ಸಿಗುತ್ತಾ, ಅದರಲ್ಲಿ ಬರೋ ಸರ್ಕಸ್ ಬದುಕು ಎಷ್ಟು ನಿಜ.

ಓದಿ. ಆದರೆ ಪ್ರೇಮಕಥೆಗಾಗಿ ಓದಬೇಡಿ, ಅದು ಪುಸ್ತಕದಲ್ಲೂ ಅಷ್ಟಕ್ಕಷ್ಟೇ. ನಾಯಕಿ ಮಾರ್ಲೀನಾ ಚೆಂದ ಇದ್ದಾಳೆ, ಕುದುರೆಗಳನ್ನು ಚೆನ್ನಾಗಿ ಆಡಿಸುತ್ತಾಳೆ, ಗಂಡನ ಕೈಯಲ್ಲಿ ನರಳುತ್ತಾಳೆ. ಇಷ್ಟು ಬಿಟ್ಟರೆ ಅವಳ ತಲೆಯಲ್ಲಿ ಏನು ಓಡುತ್ತಿದೆ ಅಂತ ಪುಸ್ತಕ ಮುಗಿದರೂ ನನಗೆ ತಿಳಿಯಲಿಲ್ಲ. ನಾನು ಇದನ್ನು ಎರಡು ಸಲ ಓದಿದ್ದೇನೆ, ಎರಡೂ ಸಲ ನನ್ನನ್ನು ಹಿಡಿದು ಕೂರಿಸಿದ್ದು ಬೇರೆಯೇ: ಆ ರೈಲು, ಅದರಲ್ಲಿ ಯಾರು ಎಲ್ಲಿ ಮಲಗುತ್ತಾರೆ, ಯಾರಿಗೆ ಸಂಬಳ ಸಿಗುತ್ತದೆ, ಯಾರನ್ನು ಲೆಕ್ಕದಿಂದ ತೆಗೆಯುತ್ತಾರೆ ಅನ್ನೋದು.

ಬೇರೆಯವರೂ ಓದುತ್ತಿರಬಹುದಲ್ವಾ, ಅವರಿಗಾಗಿ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಸಾರಾ ಗ್ರೂಯನ್ ಬರೆದ ಈ ಕಾದಂಬರಿ ಬಂದದ್ದು 2006ರಲ್ಲಿ. ಕಥೆ 1931ರ ಅಮೆರಿಕದ್ದು. ಬ್ಯಾಂಕುಗಳು ಮುಳುಗಿ, ಕೆಲಸ ಕಳೆದುಕೊಂಡ ಗಂಡಸರು ಗೂಡ್ಸ್ ರೈಲು ಹತ್ತಿ ಊರೂರು ಅಲೆಯುತ್ತಿದ್ದ ಕಾಲ. ಜೇಕಬ್ ಅನ್ನೋ ಹುಡುಗ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯಕೀಯ ಓದಿ ಮುಗಿಸುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಕಾರು ಅಪಘಾತದಲ್ಲಿ ಹೋಗುತ್ತಾರೆ. ಅಪ್ಪನೂ ಪಶುವೈದ್ಯನೇ. ದುಡ್ಡಿಲ್ಲದವರು ಮೊಟ್ಟೆ, ಬೀನ್ಸ್ ತಂದುಕೊಟ್ಟರೆ ಅದನ್ನೇ ಫೀಸು ಅಂತ ಇಟ್ಟುಕೊಂಡವನು, ಮಗನ ಓದಿಗೆ ಮನೆ ಅಡವಿಟ್ಟವನು. ಮನೆ ಬ್ಯಾಂಕಿನ ಪಾಲಾಗುತ್ತದೆ. ಹುಡುಗ ಕೊನೆ ಪರೀಕ್ಷೆಗೆ ಹೋಗಿ ಕೂತು, ಒಂದಕ್ಷರ ಬರೆಯದೆ ಎದ್ದು ಬಂದು, ನಡೆದೂ ನಡೆದೂ ರಾತ್ರಿ ಹಾದುಹೋಗುತ್ತಿದ್ದ ಒಂದು ರೈಲಿಗೆ ನೆಗೆಯುತ್ತಾನೆ. ಅದು ಸರ್ಕಸ್ ರೈಲು.

ಈಗ ಸಿನಿಮಾದ ವಿಷಯ. 2011ರ ಆ ಸಿನಿಮಾದಲ್ಲಿ ಸರ್ಕಸ್ ಮಾಲೀಕ, ಪ್ರಾಣಿಗಳ ಉಸ್ತುವಾರಿ, ಮಾರ್ಲೀನಾಳ ಗಂಡ ಮೂರೂ ಒಬ್ಬನೇ. ಪುಸ್ತಕದಲ್ಲಿ ಇಬ್ಬರಿದ್ದಾರೆ. ಮಾಲೀಕ ಅಂಕಲ್ ಆಲ್. ಪ್ರಾಣಿಗಳನ್ನು ನೋಡಿಕೊಳ್ಳುವವನು, ಮಾರ್ಲೀನಾಳ ಗಂಡ, ಆಗಸ್ಟ್ (ತಿಂಗಳಲ್ಲ, ಹೆಸರೇ ಹಾಗೆ). ಇಬ್ಬರನ್ನು ಸೇರಿಸಿ ಒಬ್ಬನನ್ನು ಮಾಡಿದ್ದರಿಂದ ಸಿನಿಮಾ ನಿಮಗೆ ತ್ರಿಕೋನ ಪ್ರೇಮದ ಥರ ಕಂಡಿದ್ದರಲ್ಲಿ ಆಶ್ಚರ್ಯ ಇಲ್ಲ. ಪುಸ್ತಕದಲ್ಲಿ ಆಗಸ್ಟ್ ಒಂದು ರಾತ್ರಿ ಜೇಕಬ್‌ಗೆ ತನ್ನದೇ ಕೋಟು ತೊಡಿಸಿ, ಶಾಂಪೇನ್ ಕುಡಿಸಿ, ಅಣ್ಣನ ಹಾಗೆ ಭುಜದ ಮೇಲೆ ಕೈ ಹಾಕುತ್ತಾನೆ, ಮಾರನೇ ದಿನ ಮನುಷ್ಯನೇ ಬೇರೆ. ಅವನಿಗೆ ಮನೋರೋಗ ಅಂತ ಕಾದಂಬರಿ ಹೇಳುತ್ತದೆ. ಲೇಖಕಿಯ ಮೇಲೆ ನನ್ನ ದೊಡ್ಡ ದೂರು ಇದೇ, ಕ್ರೂರಿಗೆ ಒಂದು ರೋಗದ ಹೆಸರು ಅಂಟಿಸಿ ಕೈ ತೊಳೆದುಕೊಂಡುಬಿಡೋದು ಸುಲಭದ ದಾರಿ. ಆದರೆ ಅದೇ ಪುಸ್ತಕದಲ್ಲಿ ಅಂಕಲ್ ಆಲ್ ಇದ್ದಾನಲ್ಲ, ಅವನಿಗೆ ಯಾವ ರೋಗವೂ ಇಲ್ಲ. ತಲೆ ನೆಟ್ಟಗಿದೆ, ಲೆಕ್ಕ ಪಕ್ಕಾ. ರಿಂಗ್ಲಿಂಗ್ ಸರ್ಕಸ್ಸಿಗೆ ಸಮ ಆಗಬೇಕು ಅನ್ನೋ ಹಟ ಒಂದೇ. ಯಾವುದೋ ಊರಲ್ಲಿ ಇನ್ನೊಂದು ಸರ್ಕಸ್ ದಿವಾಳಿ ಆಯ್ತು ಅಂತ ಸುದ್ದಿ ಬಂದರೆ ಸಾಕು, ಆಟ ಅರ್ಧಕ್ಕೆ ನಿಲ್ಲಿಸಿ ರೈಲು ಆ ಕಡೆ ತಿರುಗಿಸುತ್ತಾನೆ, ಸತ್ತ ದನದ ಮೇಲೆ ಹದ್ದು ಇಳಿಯುವ ಹಾಗೆ. ನನಗೆ ಆಗಸ್ಟ್‌ಗಿಂತ ಭಯ ಹುಟ್ಟಿಸಿದ್ದು ಇವನು.

ಇವನ ರೈಲಿನಲ್ಲಿ ಎಲ್ಲದಕ್ಕೂ ದರ್ಜೆ ಇದೆ. ಇದಕ್ಕೆ ಕನ್ನಡದಲ್ಲಿ ಸರಿಯಾದ ಪದವೇ ಇದೆ, ಪಂಕ್ತಿಭೇದ. ಊಟದ ಡೇರೆ ಒಂದೇ, ಆದರೆ ಆಟಗಾರರು ಕೂರುವ ಕಡೆ ಡೇರೆ ಕಟ್ಟುವ ಕೂಲಿಗಳು ಕೂರುವ ಹಾಗಿಲ್ಲ. ಹೊಸಬ ಜೇಕಬ್ ತಪ್ಪು ಮೇಜಿಗೆ ಹೋದರೆ ಎಲ್ಲರ ಕಣ್ಣೂ ಅವನ ಮೇಲೆ. ಆಟಗಾರರಿಗೆ ಮಲಗಲು ಬೋಗಿ ಉಂಟು, ಕೂಲಿಗಳಲ್ಲಿ ಕೆಲವರಿಗೆ ತೆರೆದ ಬೋಗಿಯ ಮೇಲೆ ನಿಲ್ಲಿಸಿದ ಬಂಡಿಗಳ ಅಡಿಯೇ ಹಾಸಿಗೆ. ಜೇಕಬ್ ಡಾಕ್ಟರು ಅನ್ನಿಸಿಕೊಂಡರೂ ಅವನಿಗೆ ಸಿಗೋದು ಕುದುರೆ ಬೋಗಿಯ ಒಂದು ಮೂಲೆ. ಅದೂ ವಾಲ್ಟರ್ ಅನ್ನೋ ಕುಳ್ಳ ವಿದೂಷಕನ ಜೊತೆ, ಅವನಿಗೋ ಇವನನ್ನು ಕಂಡರಾಗದು. ಒಂದು ತಮಾಷೆ ಹೇಳಬೇಕು. ಆ ಕಾಲದ ಅಮೆರಿಕನ್ ಸರ್ಕಸ್ ಭಾಷೆಯಲ್ಲಿ ಆಟಗಾರರಿಗೆ ‘ಕಿಂಕರ್’ ಅನ್ನುತ್ತಿದ್ದರು. ನಮ್ಮ ಕಿವಿಗೆ ಪೂರಾ ಉಲ್ಟಾ ಕೇಳಿಸುತ್ತದೆ, ಅಲ್ವಾ? ಅಲ್ಲಿ ನಿಜವಾದ ಕಿಂಕರರು ಗೂಟ ಹೊಡೆಯುವವರು.

ಆ ಗೂಟ ಹೊಡೆಯುವವರಿಗೆ ವಾರಗಟ್ಟಲೆ ಸಂಬಳ ಇಲ್ಲ. ಕೇಳಿದರೆ? ರಾತ್ರಿ ಓಡುತ್ತಿರುವ ರೈಲಿನಿಂದ ಹೊರಗೆ ತಳ್ಳುತ್ತಾರೆ. ಇದಕ್ಕೆ ‘ರೆಡ್‌ಲೈಟಿಂಗ್’ ಅಂತ ಹೆಸರು. ಅದೃಷ್ಟ ಇದ್ದರೆ ಸ್ಟೇಷನ್ ಯಾರ್ಡಿನ ಕೆಂಪು ದೀಪ ಕಾಣುವಷ್ಟು ಹತ್ತಿರದಲ್ಲಿ ತಳ್ಳುತ್ತಾರೆ, ಎದ್ದು ಕುಂಟಿಕೊಂಡು ಊರು ಸೇರಬಹುದು. ಇಲ್ಲದಿದ್ದರೆ ಸೇತುವೆ ದಾಟುವಾಗ. ಒಬ್ಬ ಮುದಿ ಕೂಲಿ ಇದನ್ನು ಹೊಸ ಹುಡುಗನಿಗೆ ಮಾಮೂಲಿ ವಿಷಯದ ಹಾಗೆ ಹೇಳುವ ಜಾಗದಲ್ಲಿ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕೆಲಸದಿಂದ ತೆಗೆಯೋಕೆ ನೋಟಿಸು ಬೇಡ, ಬಾಕಿ ಕೊಡೋದು ಬೇಡ, ಆ ಜನಕ್ಕೆ ಹುಡುಕಿಕೊಂಡು ಬರುವ ಮನೆಯವರೂ ಇಲ್ಲ.

ಇದರ ಪಕ್ಕದಲ್ಲಿ ರೋಸಿಯನ್ನು ಇಟ್ಟು ನೋಡಿ. ದಿವಾಳಿಯಾದ ಸರ್ಕಸ್ಸಿನಿಂದ ಕೊಂಡು ತಂದ ಆನೆ. ದಡ್ಡಿ, ಏನು ಹೇಳಿದರೂ ತಲೆಗೆ ಹತ್ತದು ಅಂತ ಮೊದಲೇ ಹೆಸರು ಬಿದ್ದಿದೆ. ಆಗಸ್ಟ್ ಅಂಕುಶ ಹಿಡಿದು ಚುಚ್ಚಿ ಹೊಡೆದು ರಕ್ತ ಬರಿಸುತ್ತಾನೆ. ಅವಳು ಮಾತ್ರ ನಿಂತಲ್ಲೇ ನಿಂತಿರುತ್ತಾಳೆ. ಆದರೆ ಇದೇ ದಡ್ಡಿ ಯಾರೂ ಇಲ್ಲದಾಗ ತನ್ನನ್ನು ಕಟ್ಟಿದ ಗೂಟ ಕಿತ್ತು, ಹೋಗಿ ನಿಂಬೆ ಪಾನಕ ಪೂರ್ತಿ ಹೀರಿ, ವಾಪಸ್ ಬಂದು ಗೂಟ ಇದ್ದ ತೂತಿಗೇ ಸಿಕ್ಕಿಸಿ ಏನೂ ಗೊತ್ತಿಲ್ಲದವಳ ಹಾಗೆ ನಿಲ್ಲುತ್ತಾಳೆ. ಪಾನಕ ಕದ್ದ ಅಂತ ಯಾವನೋ ಕೆಲಸದವನ ಮೇಲೆ ಗುಮಾನಿ. ಆಮೇಲೆ ಒಂದು ದಿನ ಜೇಕಬ್‌ಗೆ ಗೊತ್ತಾಗುತ್ತದೆ, ರೋಸಿಗೆ ಪೋಲಿಷ್ ಭಾಷೆ ಬರುತ್ತದೆ. ಪೋಲಿಷ್ ಮಾತ್ರ. ಅವನ ಮನೆ ಮಾತೂ ಅದೇ. ಕಾಲೆತ್ತು ಅಂತ ಪೋಲಿಷಿನಲ್ಲಿ ಅಂದರೆ ಎತ್ತುತ್ತಾಳೆ. ಅಂದರೆ ಅಷ್ಟು ದಿನ ಬಿದ್ದ ಏಟೆಲ್ಲ ಇಂಗ್ಲಿಷ್ ಬರದಿದ್ದಕ್ಕೆ! ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಒಳ್ಳೆಯ ತಿರುವು ಇನ್ನೊಂದಿಲ್ಲ. ಸಿನಿಮಾದಲ್ಲೂ ಇದು ಬರುತ್ತದೆ, ಆದರೆ ಅಲ್ಲಿ ಖುಷಿ ದೃಶ್ಯವಾಗಿ ದಾಟಿಹೋಗುತ್ತದೆ. ಪುಸ್ತಕದಲ್ಲಿ ಹಿಂದಿನ ಪುಟಗಳ ಏಟುಗಳನ್ನು ನೀವು ಮತ್ತೆ ಎಣಿಸಬೇಕಾಗುತ್ತದೆ.

ಎಷ್ಟು ನಿಜ ಅಂತ ಕೇಳಿದ್ದಿರಿ. ಕಾದಂಬರಿಯಲ್ಲಿ ಬರೋ ಬೆಂಜಿನಿ ಬ್ರದರ್ಸ್ ಅನ್ನೋ ಈ ಸರ್ಕಸ್ ಕಲ್ಪನೆಯದ್ದು. ಆದರೆ ಇದು ಅತಿಯಾಯಿತು ಅಂತ ನಿಮಗೆ ಅನ್ನಿಸುವ ಜಾಗಗಳೇ ಹೆಚ್ಚಾಗಿ ನಡೆದದ್ದು ಅಥವಾ ಸರ್ಕಸ್ಸಿನವರು ಹೇಳಿಕೊಂಡು ಬಂದದ್ದು. ಪಾನಕ ಕದಿಯುವ ಆನೆಯ ಕಥೆ ಹಾಗೆ ಸಿಕ್ಕಿದ್ದು, ರಾಸಾಯನಿಕದಲ್ಲಿ ಮುಳುಗಿಸಿಟ್ಟ ನೀರಾನೆಯನ್ನು ಟಿಕೆಟ್ ಇಟ್ಟು ತೋರಿಸಿದ್ದೂ ಹಾಗೆಯೇ. ಇದನ್ನೆಲ್ಲ ಲೇಖಕಿ ಕೊನೆಯ ಟಿಪ್ಪಣಿಯಲ್ಲಿ ಹೇಳಿದ್ದಾರೆ, ದಯವಿಟ್ಟು ಅದನ್ನು ಬಿಡಬೇಡಿ. 1920, 30ರ ದಶಕದಲ್ಲಿ ಸರ್ಕಸ್ಸುಗಳ ಬೆನ್ನು ಹತ್ತಿ ಚಿತ್ರ ತೆಗೆದ ಎಡ್ವರ್ಡ್ ಕೆಲ್ಟಿ ಅನ್ನೋ ಛಾಯಾಗ್ರಾಹಕನ ಬಗ್ಗೆ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಅವರು ಬರೆಯಬೇಕಿದ್ದ ಬೇರೆ ಪುಸ್ತಕ ಬಿಟ್ಟು ಇದಕ್ಕೆ ಇಳಿದರಂತೆ.

ಆನೆಗಳ ಮೇಲಿನ ಕ್ರೌರ್ಯದಲ್ಲಿ ಇತಿಹಾಸ ಕಾದಂಬರಿಯನ್ನೂ ಮೀರಿಸಿದೆ. 1903ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಟಾಪ್ಸಿ ಅನ್ನೋ ಆನೆಯನ್ನು ಕರೆಂಟು ಹರಿಸಿ ಕೊಂದರು, ಅದನ್ನು ಚಿತ್ರೀಕರಿಸಿದರು ಕೂಡ. 1916ರಲ್ಲಿ ಟೆನೆಸ್ಸಿಯ ಅರ್ವಿನ್ ಅನ್ನೋ ಊರಲ್ಲಿ ಮೇರಿ ಅನ್ನೋ ಸರ್ಕಸ್ ಆನೆಯನ್ನು, ನೋಡಿಕೊಳ್ಳುವವನನ್ನು ಕೊಂದ ತಪ್ಪಿಗೆ, ರೈಲ್ವೆ ಕ್ರೇನಿಗೆ ನೇಣು ಹಾಕಿದರು. ಜನ ನಿಂತು ನೋಡಿದರು.

ಇನ್ನೊಂದು, ಕ್ಯಾಮೆಲ್ ಅನ್ನೋ ಕುಡುಕ ಮುದುಕನಿಗೆ ಕೈಕಾಲು ಬಿದ್ದುಹೋಗುವ ಪ್ರಸಂಗ. ಮೊದಲ ಓದಿನಲ್ಲಿ ಇದು ಲೇಖಕಿಯ ಕಲ್ಪನೆ ಅಂದುಕೊಂಡಿದ್ದೆ. ಅಲ್ಲ. ಆಗ ಅಮೆರಿಕದಲ್ಲಿ ಪಾನನಿಷೇಧ ಇತ್ತು, ಔಷಧದ ಹೆಸರಲ್ಲಿ ಮಾರುತ್ತಿದ್ದ ಶುಂಠಿ ಸಾರದಲ್ಲಿ ಮದ್ಯದ ಅಂಶ ಜಾಸ್ತಿ, ಬಡವರು ಅದನ್ನೇ ಕುಡಿಯುತ್ತಿದ್ದರು. ಸರ್ಕಾರದ ಪರೀಕ್ಷೆಯಲ್ಲಿ ಸಿಕ್ಕಿಬೀಳದಿರಲಿ ಅಂತ ತಯಾರಕರು ಅದಕ್ಕೊಂದು ಕೈಗಾರಿಕಾ ರಾಸಾಯನಿಕ ಬೆರೆಸಿದರು. ಅದು ನರಗಳಿಗೆ ವಿಷ. 1930ರಲ್ಲಿ ಹತ್ತಾರು ಸಾವಿರ ಜನ ಕಾಲಿನ ಸ್ವಾಧೀನ ಕಳೆದುಕೊಂಡರು, ಹೆಜ್ಜೆ ಪಟಪಟ ಬಡಿಯುತ್ತಾ ನಡೆಯುವ ಹಾಗಾಯಿತು. ‘ಜೇಕ್ ಲೆಗ್’ ಅಂತ ಅದಕ್ಕೆ ಹೆಸರೇ ಬಿತ್ತು (ಜೇಕ್ ಅಂದರೆ ಆ ಶುಂಠಿ ಸಾರ, ಲೆಗ್ ಅಂದರೆ ಕಾಲು). ಕಾದಂಬರಿಯಲ್ಲಿ ಜೇಕಬ್ ಮತ್ತು ವಾಲ್ಟರ್ ಸೇರಿ ಕ್ಯಾಮೆಲ್‌ನನ್ನು ತಮ್ಮ ಮೂಲೆಯಲ್ಲಿ ಟ್ರಂಕುಗಳ ಹಿಂದೆ ಬಚ್ಚಿಡುತ್ತಾರೆ. ಯಾಕೆ ಅಂತ ಹೇಳಬೇಕಿಲ್ಲ, ದುಡಿಯದ ಕೈಕಾಲಿಗೆ ಆ ರೈಲಿನಲ್ಲಿ ಏನಾಗುತ್ತದೆ ಅಂತ ಮೇಲೆ ಬರೆದಿದ್ದೇನೆ. ಮೊದಲು ಜೇಕಬ್‌ನನ್ನೇ ಸಹಿಸದಿದ್ದ ವಾಲ್ಟರ್ ಆ ಮುದುಕನನ್ನು ಕೂಸಿನ ಹಾಗೆ ನೋಡಿಕೊಳ್ಳುತ್ತಾನಲ್ಲ, ನನ್ನ ಪ್ರಕಾರ ಪುಸ್ತಕದ ನಿಜವಾದ ಪ್ರೇಮಕಥೆ ಅದು.

ಇನ್ನು ವೃದ್ಧಾಶ್ರಮದ ಅಧ್ಯಾಯಗಳು. ಸಿನಿಮಾದಲ್ಲಿ ಮುದುಕ ಜೇಕಬ್ ಮೊದಲು, ಕೊನೆ ಬಂದು ಹೋಗುತ್ತಾನೆ ಅಷ್ಟೇ. ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತಾನೆ. ತನಗೆ 90 ವರ್ಷವೋ 93ವೋ ಅವನಿಗೇ ಗೊತ್ತಿಲ್ಲ. ಕಿಟಕಿಯಾಚೆ ಒಂದು ಸರ್ಕಸ್ ಡೇರೆ ಏಳುತ್ತದೆ. ಆಶ್ರಮಕ್ಕೆ ಹೊಸದಾಗಿ ಬಂದ ಇನ್ನೊಬ್ಬ ಮುದುಕ ನಾನು ಸರ್ಕಸ್ಸಿನಲ್ಲಿ ಆನೆಗಳಿಗೆ ನೀರು ಹೊರುತ್ತಿದ್ದೆ ಅಂತ ಹೆಂಗಸರ ಮುಂದೆ ಕೊಚ್ಚಿಕೊಳ್ಳುತ್ತಾನೆ. ಜೇಕಬ್‌ಗೆ ಎಲ್ಲಿಲ್ಲದ ಸಿಟ್ಟು, ಸುಳ್ಳ ಅಂತ ಕೂಗಾಡಿಬಿಡುತ್ತಾನೆ. ಒಂದು ಆನೆ ದಿನಕ್ಕೆ ನೂರು ಲೀಟರಿಗೂ ಜಾಸ್ತಿ ನೀರು ಕುಡಿಯುತ್ತದೆ, ಬಕೆಟ್ಟಿನಲ್ಲಿ ಹೊತ್ತು ಪೂರೈಸುವ ಮಾತಾ? ಹೆಸರಿನ ಗುಟ್ಟು ಇದೇ. ಮೊದಲ ಸಲ ಓದುವಾಗ ನಾನು ಕಾಲೇಜಿನಲ್ಲಿದ್ದೆ, ಈ ಅಧ್ಯಾಯಗಳನ್ನೆಲ್ಲ ಹಾರಿಸಿ ರೈಲಿಗೆ ಓಡುತ್ತಿದ್ದೆ. ಎರಡನೇ ಸಲ ಓದುವಾಗ ನಮ್ಮಪ್ಪ ವಾಕರ್ ಹಿಡಿದು ನಡೆಯುತ್ತಿದ್ದರು. ಹೊಸ್ತಿಲ ಹತ್ತಿರ ಹಿಡಿದುಕೊಳ್ಳೋಣ ಅಂತ ಹೋದರೆ ಕೈ ತಳ್ಳುತ್ತಿದ್ದರು. ಈ ಸಲ ಹಾರಿಸಿದ್ದು ಮಾರ್ಲೀನಾ ಪುಟಗಳನ್ನು. ಕೊನೆ ಮಾತ್ರ ಸ್ವಲ್ಪ ಜಾಸ್ತಿಯೇ ಸಿಹಿ, ಅದನ್ನು ನೀವು ಸಿನಿಮಾದಲ್ಲೇ ನೋಡಿದ್ದೀರಿ.

ನೀವು ಕಳೆದುಕೊಂಡದ್ದು ಒಂದಿದೆ. (ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿ.) ಪುಸ್ತಕ ಶುರುವಾಗೋದೇ ಒಂದು ಕೊಲೆಯಿಂದ. ಡೇರೆಯಲ್ಲಿ ಪ್ರಾಣಿಗಳು ಬಿಟ್ಟುಕೊಂಡು ಗದ್ದಲ ಎದ್ದಿದೆ, ‘ಅವಳು’ ಕಬ್ಬಿಣದ ಗೂಟ ಎತ್ತಿ ಒಬ್ಬನ ತಲೆ ಒಡೆಯುತ್ತಾಳೆ. ಇಂಗ್ಲಿಷಿನಲ್ಲಿ ಹೆಂಗಸಿಗೂ ಹೆಣ್ಣಾನೆಗೂ ಒಂದೇ ಸರ್ವನಾಮ ನಡೆಯುತ್ತದೆ, ಹಾಗಾಗಿ ಓದುಗರು ಕೊನೆಯವರೆಗೂ ಮಾರ್ಲೀನಾಳನ್ನೇ ಕೊಲೆಗಾತಿ ಅಂದುಕೊಂಡಿರುತ್ತಾರೆ. ಒಂದು ಮಧ್ಯಾಹ್ನ ಆ ಪುಟಗಳನ್ನು ಕನ್ನಡಕ್ಕೆ ಮಾಡಿ ನೋಡೋಣ ಅಂತ ಕೂತೆ. ಮೊದಲ ಕ್ರಿಯಾಪದಕ್ಕೇ ಸಿಕ್ಕಿಬಿದ್ದೆ. ‘ಎತ್ತಿತು’ ಅಂದರೆ ಆನೆ ಅಂತ ಗುಟ್ಟು ರಟ್ಟಾಯಿತು, ‘ಎತ್ತಿದಳು’ ಅಂದರೆ ಆಮೇಲೆ ಓದುಗರಿಗೆ ಮೋಸ ಮಾಡಿದ ಹಾಗೆ. ಆದರೆ ಈಗ ಈ ಉತ್ತರ ಮೇಲಿಂದ ಓದಿಕೊಂಡೆ ನೋಡಿ, ರೋಸಿಯನ್ನು ಎಲ್ಲ ಕಡೆ ಅವಳು ಅಂತಲೇ ಬರೆದಿದ್ದೇನೆ, ನನಗೇ ಗೊತ್ತಾಗದ ಹಾಗೆ.