ಓದುಗರು ಕೇಳಿದ್ದು: ಗುಬ್ಬಿಗಿಂತ ಚಿಕ್ಕ ಊರಲ್ಲಿ ಎರಡು ವಾರದ ಸಂಗೀತೋತ್ಸವ!

ಪ್ರಶ್ನೆ: ಫಿನ್ಲೆಂಡಿನಲ್ಲಿರುವ ನನ್ನ ಅಕ್ಕನ ಮಗ ಕುಹ್ಮೋ ಎಂಬ ಕಾಡೂರಿನಲ್ಲಿ ದೊಡ್ಡ ಸಂಗೀತೋತ್ಸವ ನಡೆಯುತ್ತೆ ಅಂತಾನೆ. ಇಲ್ಲಿ ರಾಮನವಮಿ ಕಛೇರಿಗೆ ಮುಂದಿನ ನಾಲ್ಕು ಸಾಲು ತುಂಬೋದೂ ಕಷ್ಟ. ಅಲ್ಲಿ ದುಡ್ಡಿದೆ, ಅದಕ್ಕೇ ಅಲ್ವಾ?
– ಓದುಗರೊಬ್ಬರು, ತುಮಕೂರು

ಉತ್ತರ: ದುಡ್ಡಿದೆ, ನಿಜ. ಆದರೆ ದುಡ್ಡೇ ಕಾರಣ ಅಂದರೆ ನಾನು ಒಪ್ಪಲ್ಲ. ಕುಹ್ಮೋ ಇರುವುದು ರಷ್ಯಾ ಗಡಿಯ ಪಕ್ಕ. ನಮ್ಮ ಜಿಲ್ಲೆಯ ಅರ್ಧದಷ್ಟು ಜಾಗ, ಆದರೆ ಜನ ಹತ್ತು ಸಾವಿರವೂ ಇಲ್ಲ, ಅಂದರೆ ನಮ್ಮ ಗುಬ್ಬಿ ಪಟ್ಟಣಕ್ಕಿಂತ ಕಮ್ಮಿ. ಸೆಪ್ಪೊ ಕಿಮಾನೆನ್ ಎಂಬ ಚೆಲ್ಲೋ (ಪಿಟೀಲಿನ ದೊಡ್ಡಣ್ಣನಂಥ ವಾದ್ಯ) ವಾದಕ 1970ರಲ್ಲಿ ಅಲ್ಲಿ ಉತ್ಸವ ಶುರು ಮಾಡಿದಾಗ ಒಳ್ಳೆಯ ಸಭಾಂಗಣವೇ ಇರಲಿಲ್ಲ. ಚರ್ಚು, ಶಾಲೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲೇ ನುಡಿಸಿದರು. ಒಳಗೆಲ್ಲ ಮರ ಹೊದಿಸಿದ ಈಗಿನ ಸಭಾಂಗಣ ಕಟ್ಟಿದ್ದು 1993ರಲ್ಲಿ. ಅಂದರೆ ಕೇಳುವ ಜನ ಮೊದಲು, ಕಟ್ಟಡ ಇಪ್ಪತ್ತು ವರ್ಷ ದಾಟಿದ ಮೇಲೆ! ನಮ್ಮಲ್ಲಿ ಮೊದಲು ಕಟ್ಟಡದ ಅಂದಾಜುಪಟ್ಟಿ ಬರುತ್ತೆ, ಬಿಡಿ.

ಇನ್ನೊಂದು ಕಾರಣ ಮಕ್ಕಳು. 1960ರ ದಶಕದ ಕೊನೆಯಿಂದ ಆ ದೇಶದ ಸರ್ಕಾರ ಸಂಗೀತ ಶಾಲೆಗಳ ಖರ್ಚಿನಲ್ಲಿ ಪಾಲು ಹೊರುತ್ತಿದೆ, ಹಾಗಾಗಿ ಸಣ್ಣ ಊರಿನ ಹುಡುಗನೂ ಪಿಟೀಲು ಕಲಿಯುತ್ತಾನೆ, ಅವನು ನುಡಿಸುವ ದಿನ ಅಪ್ಪ ಅಮ್ಮ ಅಜ್ಜಿ ಎಲ್ಲ ಬಂದು ಕೂರುತ್ತಾರೆ. ಕುಹ್ಮೋದಲ್ಲಿ ಉತ್ಸವದ ಜೊತೆಗೇ ಕಲಿಯುವವರಿಗೆ ತರಗತಿಗಳೂ ಇರುತ್ತವೆ. ನಿಮ್ಮ ಕಛೇರಿಯಲ್ಲೂ ಊರಿನ ಮಕ್ಕಳಿಂದ ಮೊದಲು ಅರ್ಧ ಗಂಟೆ ಹಾಡಿಸಿ ನೋಡಿ. ನಾಲ್ಕು ಸಾಲು ತುಂಬದಿದ್ದರೆ ನನಗೆ ಬರೆಯಿರಿ.

ಪ್ರಶ್ನೆ: ಅಷ್ಟು ದೂರದ ಊರುಗಳಲ್ಲಿ ಸಂಬಳದ ವಾದಕರ ತಂಡ ಇರುತ್ತಾ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಇದೆ. ಫಿನ್ಲೆಂಡಿನ ಲ್ಯಾಪ್‌ಲ್ಯಾಂಡ್ ಹೆಚ್ಚೂಕಮ್ಮಿ ಕರ್ನಾಟಕದ ಅರ್ಧದಷ್ಟಿದೆ, ಜನ ಎರಡು ಲಕ್ಷವೂ ಇಲ್ಲ. ಅಲ್ಲಿನ ರೊವಾನಿಯೆಮಿಯಲ್ಲಿ 1972ರಿಂದ ಒಂದು ಚೇಂಬರ್ ಆರ್ಕೆಸ್ಟ್ರಾ, ಅಂದರೆ ಸಣ್ಣ ವಾದ್ಯವೃಂದ, ಇದೆ. ನಾರ್ವೆಯ ಆರ್ಕ್ಟಿಕ್ ಫಿಲ್ಹಾರ್ಮೋನಿಕ್ 2009ರದು, ಬೂಡೋ ಮತ್ತು ತ್ರೊಮ್ಸೋ ಎಂಬ ಎರಡು ಊರುಗಳಲ್ಲಿ ನೆಲೆಯಿರುವ ತಂಡ. ನಡುವೆ ಐನೂರು ಕಿಲೋಮೀಟರಿಗೂ ಜಾಸ್ತಿ ರಸ್ತೆ! ಕೋಲಾರ, ಚಿಕ್ಕಬಳ್ಳಾಪುರ ಅಕ್ಕಪಕ್ಕದಲ್ಲೇ ಇದ್ದರೂ ಇಬ್ಬರಿಗೂ ಸೇರಿ ಒಂದು ತಂಡ ಇಲ್ಲ.

ಪ್ರಶ್ನೆ: ಅಂಥ ಚಳಿಗೆ ಪಿಟೀಲು ಸೀಳಲ್ವಾ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಚಳಿಗಿಂತ ಹೀಟರ್ ಅಪಾಯ. ಹೊರಗಿನ ತಣ್ಣನೆ ಗಾಳಿಯಲ್ಲಿ ನೀರಿನ ಅಂಶವೇ ಕಮ್ಮಿ, ಅದನ್ನು ಒಳಗೆ ತಂದು ಬಿಸಿ ಮಾಡಿದರೆ ಗಾಳಿ ಒಣಕಲಾಗಿ ಮರದ ಪಸೆ ಹೀರುತ್ತದೆ. ಮರ ಕುಗ್ಗಿ ಅಂಟು ಬಿಡುತ್ತದೆ, ಬಿರಡೆ ಜಾರುತ್ತದೆ. ಅದಕ್ಕೆ ಸ್ಪಂಜು ತುಂಬಿದ ತೆಳು ರಬ್ಬರ್ ಕೊಳವೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಹೊರಗೆ ಒರೆಸಿ, ಪಿಟೀಲಿನ ಮೇಲಿನ ಸೀಳುಗಂಡಿಯಿಂದ ಒಳಗೆ ಇಳಿಬಿಡುತ್ತಾರೆ. ಹೊರಗಿಂದ ಬಂದ ತಕ್ಷಣ ಪೆಟ್ಟಿಗೆ ತೆರೆಯುವುದೂ ಇಲ್ಲ, ಮುಚ್ಚಿಟ್ಟೇ ನಿಧಾನಕ್ಕೆ ಬಿಸಿಯಾಗಲು ಬಿಡುತ್ತಾರೆ. ನಿಮ್ಮ ಏಸಿ ಕೋಣೆಗೂ ಇದೇ ಮಾತು.